ಅಜ್ಜಿ ಹೊಸೆದ ದಾರ

೯ ನವೆಂಬರ್ ೧೯೯೮, ಸೋಮವಾರ, ಬೆಳಿಗ್ಗೆ ೮

ಎಂದಿನಂತೆ ಎದ್ದೆ, ಹಲ್ಲುಜ್ಜಿದೆ, ಲೋಕಕಲ್ಯಾಣಾರ್ಥವಾಗಿ ಒಂದು ಕಿತಾಪತಿ ಮಾಡಿದೆ.

ಅಜ್ಜಿ ಕೊರಳಿಗೆ ಲಿಂಗ ಕಟ್ಟಿಕೊಳ್ಳುವ ಶಿವದಾರ ಸವೆದಿತ್ತು. ಲಿಂಗದ ಬೆಳ್ಳಿ ಕರಡಿಗೆಯನ್ನು ದೇವರ ಜಗಲಿಯ ಮೇಲಿಟ್ಟು ಹೊಸ ದಾರ ಹೊಸೆಯುತ್ತ ಕುಳಿತಿದ್ದಳು. ಇಬ್ಬರಿಗೆ ಸಾಲುವಷ್ಟು ಉದ್ದ ಹೊಸೆಯುವುದು ಅವಳ ಚಾಳಿ. ಅವಳ ಕೊರಳು ಬರಿದಾದದ್ದನ್ನು ಜನ್ಮದಲ್ಲಿ ಇವತ್ತೇ ನೋಡಿದ್ದು. ಕರಡಿಗೆ ಎತ್ತಿದೆ. ಬಾಗಿಲ ಹಿಂದಿನ ಗೂಟದಲ್ಲಿದ್ದ ಅಪ್ಪನ ಹಳೇ ಕೋಟಿನ ಒಳಜೇಬಿಗೆ ಇಳಿಸಿದೆ.

ಪ್ರಯೋಗದ ಉದ್ದೇಶ: ದೇವರು ತಾನಾಗಿ ಹೊರಬರುತ್ತಾನೋ ಇಲ್ಲವೋ. ವಿಜ್ಞಾನಿ: ಶ್ರೀಮಾನ್ ಮಾಂತು, ಬಿ.ಕಾಂ. ಎರಡನೇ ವರ್ಷ. (ವಿಜ್ಞಾನಿಗೂ ಎಂಟನೇ ವಯಸ್ಸಿನಲ್ಲಿ ಒಂದು ಲಿಂಗ ಕಟ್ಟಿದ್ದರು. ಈಗ ಎಲ್ಲಿದೆಯೋ ಶಿವನೇ ಬಲ್ಲ.)

ಗೆಳೆಯ ಸ್ವಪ್ನಿಲ್ ಕೆಳಗೆ ಸ್ಕೂಟರ್ ಹಾರ್ನ್ ಬಾರಿಸುತ್ತಿದ್ದಾನೆ. ಕಾಲೇಜಿನಿಂದ ಬಂದು ತೆಗೆದುಕೊಟ್ಟರಾಯಿತು.

ಅದೇ ದಿನ, ಸಂಜೆ ೬

ಕೋಟು ಇಲ್ಲ.

ಮನೆ ತಲೆಕೆಳಗಾಗಿದೆ. ಅಪ್ಪ ಆಫೀಸಿಗೆ ಹೋಗಿಲ್ಲ, ಬಚ್ಚಲ ಮೋರಿಯಲ್ಲಿ ಮೊಣಕೈವರೆಗೆ ಕೈ ಹಾಕಿ ಹುಡುಕುತ್ತಿದ್ದಾರೆ. ಲಿಂಗಪೂಜೆ ಆಗಿಲ್ಲ, ಅಜ್ಜಿ ಹನಿ ನೀರು ಮುಟ್ಟಿಲ್ಲ. ಅಜ್ಜಿ ಉಣ್ಣದೆ ಈ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಒಲೆ ತಣ್ಣಗಿದೆ.

"ಅಪ್ಪನ ಕೋಟ್ ಎಲ್ಲೈತಿ ಬೇ?"

ಅವ್ವ ಉರಿದುಬಿದ್ದಳು. "ಕೋಟಿನ ಚಿಂತಿ ಬಿದ್ದೈತೇನ ನಿನಗ? ಮುಂಜಾನೆ ಭಾಮಾಗ ಕೊಟ್ಟೆ. ಆ ಡಬ್ಬಿ ಬಂತು."

ಭಾಮಾ ಎಂದರೆ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು. ಅಜ್ಜಿ ದಾರ ಮುಗಿಸಿ ತಲೆ ಎತ್ತುವಷ್ಟರಲ್ಲಿ ಕೋಟು ಗಂಟಿನೊಳಗೆ ಹೋಗಿಯಾಗಿತ್ತು. ಮೂಲೆಯಲ್ಲಿ ಹೊಸ ಡಬ್ಬಿ ಹೊಳೆಯುತ್ತಿದೆ.

ಮಧ್ಯಾಹ್ನ ಎರಡು ವಡಾಪಾವ್ ತಿಂದಿದ್ದೆ.

೧೦ ನವೆಂಬರ್, ಮಂಗಳವಾರ, ಮಧ್ಯಾಹ್ನ ೩

ಭಾಮಾಳ ಮನೆ ಯಾರಿಗೂ ಗೊತ್ತಿಲ್ಲ. ಬುಧವಾರ ಜುನಾ ಬಜಾರಿನ ಹಳೇ ಸಾಮಾನಿನ ಸಂತೆಯಲ್ಲಿ ಕೂರುತ್ತಾಳಂತೆ. ಅಂದರೆ ನಾಳೆ.

ಡಾಕ್ಟರ್ ಸಲಾಯಿನ್ ಎಂದರು. ಅಜ್ಜಿ ಕೈ ಎಳೆದುಕೊಂಡಳು. ಎಪ್ಪತ್ತಾರು ವಯಸ್ಸು. ತುಟಿ ಒಡೆದಿದೆ.

ನಮ್ಮ ಜನರ ಅಯ್ಯನವರು, ಈರಬಸಪ್ಪ, ಹಡಪ್ಸರದಿಂದ ಬಂದರು. "ಕಲ್ಲವ್ವಾರ, ಹಟ ಬ್ಯಾಡ್ರಿ. ಹೊಸಾ ಲಿಂಗ ಕಟ್ಟತೀನಿ. ಶಾಸ್ತ್ರದಾಗ ಅದಕ್ಕ ದಾರಿ ಐತಿ."

"ಶಾಸ್ತ್ರದಾಗ ಇರಲಿ ಬಿಡ್ರಿ ಅಯ್ಯನವರ. ಗಂಡ ಹೋದಾಗ ಅದು ನನ್ನ ಬಿಡಲಿಲ್ಲ. ಇಂಡಿ ಬಿಟ್ಟು ಈ ಮರಾಠಿ ಊರಿಗೆ ಬಂದಾಗ ಬಿಡಲಿಲ್ಲ. ಈಗ ಯಾಕ ಬಿಡ್ತು? ನಾನಽ ಏನೋ ತಪ್ಪ ಮಾಡೀನಿ."

ತಪ್ಪು ಮಾಡಿದವನು ಎರಡು ಮಾರು ದೂರದಲ್ಲಿ, ಬೀಸಣಿಗೆ ಹಿಡಿದು, ಸಂಭಾವಿತನಂತೆ ಗಾಳಿ ಹಾಕುತ್ತಿದ್ದ.

ಹೇಳಿಬಿಡಲೇ? ಹೇಳಿದರೆ ಲಿಂಗ ಬರುತ್ತದೆಯೇ? ಹಳೇ ಬಟ್ಟೆಯ ಜೊತೆ ಮಾರಿಹೋಯಿತು ಎಂದು ಕೇಳಿದರೆ ಇವತ್ತೇ… ಬೇಡ. ನಾಳೆ.

ಸ್ವಪ್ನಿಲ್ ಭಜಿ ತಂದಿದ್ದ. ಪೊಟ್ಟಣ ಬಿಚ್ಚದೆ ವಾಪಸು ಕೊಟ್ಟೆ.

೧೧ ನವೆಂಬರ್, ಬುಧವಾರ, ಮಧ್ಯಾಹ್ನ ೧೨

ಭಾಮಾ ಸಿಕ್ಕಳು. ಕೋಟು ಮಾರಿದ್ದಾಳೆ. ದೇವರನ್ನು ಮಾರಿಲ್ಲ!

ಮರಾಠಿಯಲ್ಲಿ ಝಾಡಿಸಿದಳು: "ಜೇಬು ನೋಡದೆ ಕೋಟು ಮಾರ್ತೀನೇನೋ? ಬೆಳ್ಳಿ ಅಂತ ತೆಗೆದೆ, ಒಳಗೆ ದೇವರು. ಹತ್ತು ಮನೆ ಬಟ್ಟೆ, ಯಾರದು ಅಂತ ಹೇಗೆ ತಿಳೀಬೇಕು? ನಮ್ಮ ಮನೆದೇವರು ಖಂಡೋಬನ ಪಕ್ಕ ಕೂರಿಸಿದ್ದೀನಿ. ಮಕ್ಕಳ ಚಹಾಕ್ಕೆ ತಂದ ಹಾಲಲ್ಲಿ ದಿನಾ ಅಭಿಷೇಕ ಮಾಡ್ತಿದ್ದೀನಿ."

ಕೈ ಚಾಚಿದೆ. ಪೂರ್ತಿ ಕಥೆ ಕೇಳಿಸಿಕೊಂಡು ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿದಳು.

"ನಿನಗೆ? ದೇವರನ್ನು ಜೇಬಲ್ಲಿ ಬಚ್ಚಿಟ್ಟವನಿಗೆ? ನಡಿ. ಯಾರದೋ ಅವರೇ ಬರಲಿ. ನಾನು ಮನೆಯಲ್ಲಿ ಕಾಯ್ತಿರ್ತೀನಿ."

ಅಂಗಡಿ ಮುಚ್ಚಿ ಎದ್ದೇಬಿಟ್ಟಳು, ವಾರದ ಸಂತೆಯ ಹೊತ್ತಿನಲ್ಲಿ. ವಿಳಾಸ ಬರೆದುಕೊಂಡಿದ್ದೇನೆ. ನಮ್ಮ ಮನೆ ಮೆಟ್ಟಿಲಲ್ಲಿ ಕುಳಿತು ಇದನ್ನು ಗೀಚುತ್ತಿದ್ದೇನೆ. ಇನ್ನು ಒಳಗೆ ಹೋಗಬೇಕು.

ಮಧ್ಯಾಹ್ನ ೧

ಹೇಳಿದೆ. ಅವ್ವ ಗೋಡೆ ಹಿಡಿದು ಕುಸಿದಳು. ಅಪ್ಪ ಕೈ ಎತ್ತಿದರು, ಹಾಗೆಯೇ ಇಳಿಸಿದರು. ಅಜ್ಜಿ ಕಣ್ಣು ತೆರೆದಳು.

"ಆಕಿ ನೀರರೆ ಹಾಕ್ಯಾಳೇನ ಅದಕ್ಕ?"

"ಹಾಲು, ಅಜ್ಜಿ. ದಿನಾ."

"ಹಂಗಾರ ಅಂವ ಉಪಾಸ ಇಲ್ಲ." ಮೂರು ದಿನದಲ್ಲಿ ಮೊದಲ ಸಲ ಅವಳ ಮುಖ ಸಡಿಲಾಯಿತು. "ಎಬ್ಬಸ್ರಿ ನನ್ನ. ಹೋಗೂಣು."

ಅಪ್ಪ ರಿಕ್ಷಾ ತರಲು ಓಡಿದರು. ನಾನು ತೋಳು ಹಿಡಿಯಲು ಬಾಗಿದೆ. ಅವಳು ನನ್ನ ಅಂಗಿಯ ಮೇಲೆ, ಎದೆಯ ಹತ್ತಿರ ತಡಕಿದಳು.

"ನಿಂದು ಎಲ್ಲೈತೋ?"

ಟ್ರಂಕು, ಕಪಾಟು, ಅಟ್ಟ ಹುಡುಕಿದೆ. ಸಿಕ್ಕಿತು: ಕೇರಂ ಪೌಡರಿನ ಡಬ್ಬಿಯಲ್ಲಿ. ದಾರವಿಲ್ಲ. ಪೌಡರ್ ಒರೆಸಿ ತಂದು ಅವಳ ಮುಂದೆ ಹಿಡಿದೆ.

ಅಜ್ಜಿ ಮುಷ್ಟಿ ಬಿಚ್ಚಿದಳು. ಸೋಮವಾರ ಹೊಸೆದ ದಾರ. ಇಷ್ಟು ಹೊತ್ತೂ ಕೈಯಲ್ಲೇ ಇತ್ತು, ಬೆವರಿಗೆ ನೆನೆದಿದೆ.

"ಇಬ್ಬರಿಗೂ ಆಗತೈತಿ. ಕತ್ತರಿ ತಾ."

ಕತ್ತರಿ ತಂದುಕೊಟ್ಟೆ. ಕೆಳಗೆ ರಿಕ್ಷಾ ಬಂತು. ದಾರ ಎರಡಾಗಿದೆ. ನನ್ನದಕ್ಕೆ ಗಂಟು ಹಾಕುತ್ತಿದ್ದಾಳೆ, ಬೆರಳಿನಿಂದ ಜಾರುತ್ತಿದೆ, ಮತ್ತೆ ಹಾಕುತ್ತಿದ್ದಾಳೆ. ಪೆನ್ನು ಕೆಳಗಿಡಬೇಕು, ಒಂದು ತುದಿ ನಾನು ಹಿಡಿದರೆ…