ಶನಿವಾರದ ಹಾಳೆ

ತರೀಕೆರೆ
14-10-1979

ಪ್ರೀತಿಯ ಮಲ್ಲಿಕಕ್ಕನಿಗೆ ತಮ್ಮ ಈರಭದ್ರನ ನಮಸ್ಕಾರಗಳು.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಕೋಪ ಮಾಡ್ಕೋಬೇಡ. ಟೆಸ್ಟ್ ಇತ್ತು ಅನ್ನುವುದು ಅರ್ಧ ನಿಜ. ನೀನು ಇಂಗ್ಲಿಷಿನಲ್ಲಿ ಬರೆದು ತಿದ್ದಲು ಕಳಿಸಿದ್ದ ಹಾಳೆ ಹಾಸ್ಟೆಲಿನಲ್ಲಿ ಎಲ್ಲೋ ಕಳೆದುಹೋಯಿತು.

ಆರ್ಟಿಕಲ್ ಎಲ್ಲಿ ಹಾಕಬೇಕು ಅಂತ ಕೇಳಿದ್ದೆಯಲ್ಲ, ನನಗೆ ತಿಳಿದಷ್ಟು ಹೇಳುತ್ತೇನೆ. ಮೊದಲ ಸಲ ಹೇಳುವ ವಸ್ತುವಿಗೆ 'ಎ'. ಕೇಳುವವರಿಗೆ ಆಗಲೇ ಗೊತ್ತಿದ್ದರೆ 'ದಿ'. ನಾವು 'ಒಬ್ಬ ಹುಡುಗ ಬಂದ, ಆ ಹುಡುಗ ಮತ್ತೆ ಬರಲಿಲ್ಲ' ಅನ್ನುವುದಿಲ್ಲವೇ, ಹಾಗೆ.

ನಮ್ಮ ಬಸವರಾಜಪ್ಪ ಮೇಷ್ಟ್ರು ಇದನ್ನು ಬೆಂಚಿನ ಮೇಲೆ ನಿಲ್ಲಿಸಿ ಕಲಿಸುತ್ತಾರೆ. ಶನಿವಾರ ಶನಿವಾರ ಒಬ್ಬನ ಹಾಳೆಯನ್ನು ಬೋರ್ಡಿಗೆ ಬರೆಯುತ್ತಾರೆ. ಆರ್ಟಿಕಲ್ ಬಿಟ್ಟ ಕಡೆಯೆಲ್ಲ ಇಡೀ ಕ್ಲಾಸು ಒಟ್ಟಿಗೆ ಕೂಗಬೇಕು. ಮುಗಿಯುವವರೆಗೆ ಬರೆದವನು ಬೆಂಚಿನ ಮೇಲೆ. ಮೂರು ಶನಿವಾರ ನಾನೇ ನಿಂತೆ. "ಹಾಸ್ಟೆಲ್ ಮುದ್ದೆ ತಿಂದು ನಾಲಿಗೆ ದಪ್ಪ ಆಗೈತೇನಲೇ? ನಿನಗಿಂತ ಹೆಚ್ಚು ತಪ್ಪು ಮಾಡಿರೋರ ಹಾಳೆ ತಾ, ಇಳಿಸ್ತೀನಿ" ಅಂದರು. ಶುಕ್ರವಾರ ಬಂದರೆ ನನಗೆ ಊಟ ಸೇರುವುದಿಲ್ಲ ಅಕ್ಕ.

ಜಾತಕ ಕೂಡಲಿಲ್ಲ ಅಂತ ಹಿರೇನಲ್ಲೂರಿನ ಗಂಡಿನ ಕಡೆಯವರು ಹೇಳಿಕಳಿಸಿದ್ದನ್ನು ಅಮ್ಮ ನಿನ್ನ ಕೈಯಲ್ಲೇ ಬರೆಸಿದ್ದಾಳೆ. ಬ್ಯಾಂಕಿನ ಕಲ್ಲೇಶಪ್ಪನವರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುವ ಹೆಂಡತಿ ಬೇಕು ಅಂತ ನೀನು ಎರಡು ತಿಂಗಳು ಗ್ರಾಮರ್ ಪುಸ್ತಕ ಹಿಡಿದು ಕೂತಿದ್ದೆ. ಈಗ ಅಪ್ಪ "ಈ ಮೋರೆ ನೋಡಿ ಯಾವನು ಒಪ್ತಾನೆ" ಅಂತಾರೆ, ಅಮ್ಮ ಪುಸ್ತಕವನ್ನು ಒಲೆಗೆ ಹಾಕಿದಳು ಅಂತ ಬರೆದಿದ್ದೀಯ. ಕೊನೆಯಲ್ಲಿ, "ನನ್ನಲ್ಲೇನು ಕೊರತೆ ಕಣೋ, ನೀನಾದ್ರೂ ನಿಜ ಹೇಳು."

ನಿನ್ನಲ್ಲಿ ಏನೂ ಕೊರತೆಯಿಲ್ಲ. ಶಿವ ನಿನಗೆ ಒಳ್ಳೆಯದು ಮಾಡಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಈರಭದ್ರ

ತಾ.ಕ.: ಹಾಳೆ ಕಳೆದಿಲ್ಲ. ನಾಲ್ಕನೇ ಶನಿವಾರ ನಾನೇ ಅದನ್ನು ಮೇಷ್ಟ್ರ ಕೈಗೆ ಕೊಟ್ಟೆ. ನಿನ್ನ ಹೆಸರು, ಅಜ್ಜಂಪುರದ ವಿಳಾಸ ಸಮೇತ ಬೋರ್ಡಿಗೆ ಬರೆದರು. 'ಐ ಆಮ್ ಗುಡ್ ಗರ್ಲ್' ಅಂತ ಬರೆದಿದ್ದೆಯಲ್ಲ, "ಗುಡ್ ಗರ್ಲಂತೆ! ಒಂದು 'ಎ'ಗೂ ಗತಿಯಿಲ್ಲ ಕಣ್ರೋ!" ಅಂದರು. ಎಲ್ಲರೂ ಡೆಸ್ಕು ಗುದ್ದಿ ನಕ್ಕರು. ಎರಡನೇ ಬೆಂಚಿನಲ್ಲಿ ಕಲ್ಲೇಶಪ್ಪನವರ ತಮ್ಮ ತೀರ್ಥಪ್ಪ ಅದನ್ನೆಲ್ಲ ನೋಟ್ಸಿಗೆ ಇಳಿಸಿಕೊಳ್ಳುತ್ತಿದ್ದ. ಅವನು ಯಾರೆಂದು ನನಗೆ ಮೊದಲೇ ಗೊತ್ತಿತ್ತು. ಜಾತಕದ ಮಾತು ಬಂದದ್ದು ಅದಾದ ಮೂರನೇ ದಿನ.

ಆವತ್ತು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ನಾನು. "ಭೇಷ್, ಕೂತ್ಕೊಳೋ" ಅಂದರು ಮೇಷ್ಟ್ರು. ಕೂತೆ.