ಮಾರ್ಲಾಳ ಬಾಯಿಗೆ ನನ್ನ ಮಾತು

ಪ್ಯಾರಿಸ್, 14 ನವೆಂಬರ್ 2004

ಪ್ರೀತಿಯ ಗಿಲೇನ್ ಅಕ್ಕ,

ಬ್ರೆಸ್ಟ್‌ನಲ್ಲಿ ಎಲ್ಲರೂ ಕ್ಷೇಮವೇ? ನಿನ್ನ ಎರಡು ಪತ್ರಗಳಿಗೂ ಉತ್ತರಿಸಲಿಲ್ಲ; ಬೈದುಕೊಂಡಿರುತ್ತೀಯ. ಬರೆಯಲು ಕುಳಿತರೆ ಹೊಟ್ಟೆಕಿಚ್ಚೇ ಹೊರಬರುತ್ತಿತ್ತು, ಸುಮ್ಮನಾಗುತ್ತಿದ್ದೆ. ಇವತ್ತೂ ಬರುವುದು ಅದೇ. ಓದಿಕೋ.

ಮಾರ್ಲಾ ಕೀನ್ ಇದ್ದಾಳಲ್ಲ, ಇಷ್ಟು ವರ್ಷ ನಾನು ಫ್ರೆಂಚ್‌ನಲ್ಲಿ ದನಿ ಕೊಟ್ಟ ಅಮೆರಿಕದ ನಟಿ, ಅವಳು ಇಲ್ಲಿಯವನನ್ನೇ ಮದುವೆಯಾಗಿ ಫ್ರೆಂಚ್ ಕಲಿತಿದ್ದಾಳೆ. ತನ್ನ ಹೊಸ ಚಿತ್ರಕ್ಕೆ ಫ್ರೆಂಚ್‌ನಲ್ಲೂ ತಾನೇ ದನಿ ಕೊಡುತ್ತೇನೆಂದು ವಸಂತದಲ್ಲಿ ಹಟ ಹಿಡಿದಳು. ನಮ್ಮ ಡಬ್ಬಿಂಗ್ ನಿರ್ದೇಶಕ ಬೆರ್ತ್ರಾಂ ಫೋನ್ ಮಾಡಿ, "ಆರ್ಮೆಲ್, ನೀನು ಪಕ್ಕದಲ್ಲಿ ನಿಂತು ಸ್ವಲ್ಪ ಹೇಳಿಕೊಡ್ಬೇಕಲ್ಲಮ್ಮ" ಎಂದ.

"ನನ್ನ ಕೆಲಸಾನ ಅವಳಿಗೆ ನಾನೇ ಕಲಿಸ್ಬೇಕಾ?"

"ಏನ್ಮಾಡೋದು, ಮುಖ ಅವಳದ್ದು ತಾನೆ?"

ಮುಖ! ಒಂಬತ್ತು ವರ್ಷದವಳಿದ್ದಾಗ ಊರಿನ ಗೋಡೆಗಳ ಮೇಲೆಲ್ಲ ಸಿನಿಮಾ ಪೋಸ್ಟರುಗಳಲ್ಲಿ ನನ್ನದೇ ಮುಖವಿತ್ತು. ನನ್ನಿಂದಾಗಿ ನಿನಗೂ ಬೇಕರಿಯಲ್ಲಿ ಬ್ರಿಯೋಷ್ ಬನ್ನು ಪುಕ್ಕಟೆ ಸಿಗುತ್ತಿತ್ತು. ಆಮೇಲೆ ಮೂಗು ಉದ್ದವಾಯಿತು, ಕರೆಯುವವರು ಕಡಿಮೆಯಾದರು. ಹದಿನೇಳಕ್ಕೆ ಕತ್ತಲ ಕೋಣೆಯ ಮೈಕಿನ ಮುಂದೆ ನಿಂತವಳು ಅಲ್ಲೇ ಉಳಿದೆ.

ಮಾರ್ಲಾ ಬಂದವಳೇ ತಬ್ಬಿಕೊಂಡಳು. "ನೀವಿಲ್ದಿದ್ರೆ ಈ ದೇಶದಲ್ಲಿ ನನ್ನನ್ನ ಯಾರು ಕೇಳ್ತಿದ್ರು?" ಎಂದಳು. ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು!

ತಾಯಿ ಮಗಳನ್ನು ರೈಲು ಹತ್ತಿಸುವ ದೃಶ್ಯ. ಅವಳಿಗೆ ಬರಲೇ ಇಲ್ಲ. "ಒಂದ್ಸಲ ನೀವೇ ಮಾಡಿ ತೋರ್ಸಿ" ಎಂದಳು. ಮಾಡಿದೆ, ಒಂದು ಅಕ್ಷರವೂ ಪರದೆಯ ಮೇಲಿನ ತುಟಿಯ ಚಲನೆಗೆ ತಪ್ಪಲಿಲ್ಲ. ಕಣ್ಣು ಮುಚ್ಚಿ ಕೇಳಿಸಿಕೊಂಡು ಆಮೇಲೆ ತಾನು ಹೇಳಿದಳು. ಉಚ್ಚಾರ ಒಡ್ಡೊಡ್ಡು, ನಡುವೆ ದನಿ ಬೇರೆ ಒಡೆಯಿತು.

"ಇದೇ, ಇದೇ ಬೇಕು!" ಎಂದು ಬೆರ್ತ್ರಾಂ ಎದ್ದು ನಿಂತ.

"ಉಚ್ಚಾರ ಕೆಟ್ಟಿದೆಯಲ್ಲ?"

"ಕೆಡಲಿ ಬಿಡು ಆರ್ಮೆಲ್."

ನನ್ನದಕ್ಕಿಂತ ಅವಳದ್ದೇ ಚೆನ್ನಾಗಿತ್ತು, ಅಕ್ಕ. ಸುಡುವುದು ಅದೇ. ಹೊರಗೆ ಬಂದು, ಟ್ಯಾಕ್ಸಿ ಹತ್ತುತ್ತಿದ್ದ ಅವಳಿಗೆ ಕೈಬೀಸಿದೆ, ನಕ್ಕೆ ಕೂಡ. ಅಷ್ಟು ನಟನೆ ಇನ್ನೂ ಉಳಿದಿದೆ.

ಈಗ ಮಕ್ಕಳ ಕಾರ್ಟೂನಿನಲ್ಲಿ ಒಂದು ಹೆಬ್ಬಾತಿಗೆ ದನಿ ಕೊಡುತ್ತಿದ್ದೇನೆ. ನಿನ್ನ ಅವಳಿ ಮಕ್ಕಳಿಗೆ ಹೇಳು, ಖುಷಿಪಡುತ್ತಾರೆ. ಅವರ ಕೆನ್ನೆಗೆ ನನ್ನ ಮುತ್ತು. ನಿಮ್ಮ ಮನೆ ಸದಾ ಹೀಗೇ ನಗುತ್ತಿರಲಿ.

ನಿನ್ನ ತಂಗಿ,
ಆರ್ಮೆಲ್

ತಾ.ಕ.: ನಿನ್ನೆ ಆಂಜೆ ಊರಿನಿಂದ ಅಮ್ಮ ಫೋನ್ ಮಾಡಿದ್ದಳು. ಚಿಕ್ಕಮ್ಮನ ಜೊತೆ ಆ ಚಿತ್ರ ನೋಡಿ ಬಂದಳಂತೆ. "ನೀನು ಹುಟ್ಟಿದಾಗಿಂದ ಇದೇ ಮೊದಲ್ನೇ ಸಲ ನನ್ನನ್ನ ಅಳಿಸಿದೆ ಕಣೆ. ಪರದೇಶದವರ ಹಾಗೆ ಮಾತಾಡೋದನ್ನ ಎಲ್ಲಿ ಕಲಿತ್ಯೇ?" ಎಂದಳು. ಕಷ್ಟಪಟ್ಟು ಕಲಿತೆ ಅಂದೆ. ಆ ದನಿ ಯಾರದೆಂದು ನೀನೂ ಹೇಳಬೇಡ.