ಡಬ್ಬದ ಮುಚ್ಚಳದ ಮೇಲಿನ ವಿಳಾಸ

ಕುಣಿಗಲ್
೧೪-೧೧-೨೦೨೪, ಗುರುವಾರ ಬೆಳಗ್ಗೆ

ಪ್ರೀತಿಯ ಮಗಳು ನಂದಿತಾಗೆ,

ನಿನ್ನ ಅತ್ತೆಯ ಆಶೀರ್ವಾದಗಳು. ಮೊದಲು ಚಿ॥ ಸೌ॥ ಅಂತ ಬರೆದಿದ್ದೆ, ಮೇಲೆ ಹೊಡೆದುಹಾಕಿದ ಗುರುತು ಕಾಣುತ್ತದಲ್ಲ, ಅದೇ. ನನ್ನ ಮಗನಿಂದ ನಿನಗೆ ಬಂದ ಸೌಭಾಗ್ಯ ಎಷ್ಟು ಅಂತ ನನಗೆ ಗೊತ್ತು. ನಿನ್ನ ಎಡಗೈ ಹೇಗಿದೆ? ಮುರಿದ ಮೂಳೆ ಚಳಿಗೆ ನೋಯುತ್ತದೆ ಅನ್ನುತ್ತಾರೆ, ಸಮುದ್ರದ ಊರಿನಲ್ಲಿ ಚಳಿಯೇ ಇಲ್ಲ ಅಂತಲೂ ಅನ್ನುತ್ತಾರೆ. ಹೇಗಾದರೂ ಇರಲಿ, ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೋ. ಭೂಮಿಕಾಗೆ ಮುಂದಿನ ಹಲ್ಲು ಬಂತಾ? ಎರಡು ಹಲ್ಲು ಉದುರಿಸಿಕೊಂಡು ಬೊಚ್ಚುಬಾಯಿಯಲ್ಲಿ ನಗುತ್ತಾ ಬಸ್ ಹತ್ತಿದವಳು ಇನ್ನೂ ಕಣ್ಣ ಮುಂದೆ ಇದ್ದಾಳೆ. ನಾನು ಚೆನ್ನಾಗಿದ್ದೇನೆ ಅಂತ ಬರೆಯುವುದು ವಾಡಿಕೆ. ಹಣೆಗೆ ನಾಲ್ಕು ಹೊಲಿಗೆ ಬಿದ್ದಿದೆ, ಎಡ ಮಣಿಕಟ್ಟು ಊದಿಕೊಂಡಿದೆ, ಪೂಜೆಗೆ ಕೂತರೆ ಲಿಂಗವನ್ನು ಅಂಗೈಯಲ್ಲಿ ಹಿಡಿಯಲು ಐದು ದಿನದಿಂದ ಆಗುತ್ತಿಲ್ಲ. ಅದು ಬಿಟ್ಟರೆ ಚೆನ್ನಾಗಿದ್ದೇನೆ. ಫೋನಿನಲ್ಲಿ ಇದನ್ನೆಲ್ಲ ಹೇಳಲು ಧೈರ್ಯ ಸಾಲಲಿಲ್ಲ, ಅದಕ್ಕೇ ಈ ಕಾಗದ. ಗಾಬರಿಯಾಗದೆ ಕೊನೆಯವರೆಗೆ ಓದು.

ತಪ್ಪು ನನ್ನದು. ಜೂನ್‌ನಲ್ಲಿ ನಿಮ್ಮಿಬ್ಬರನ್ನು ಡ್ರೈವರ್ ನರಸಯ್ಯನ ಬಸ್ಸಿಗೆ ಹತ್ತಿಸಿ ಬಂದವಳು ಐದು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಪ್ರಸಾದ ಮೊದಲು ಗುಬ್ಬಿಗೆ ಹೋಗಿ ನಿನ್ನ ತವರಿನ ಬಾಗಿಲು ಒದ್ದು ಬಂದ, ಆಮೇಲೆ ತುಮಕೂರಿನಲ್ಲಿ ನಿನ್ನ ಗೆಳತಿಯರ ಮನೆಗಳನ್ನು ಸುತ್ತಿದ. ನನ್ನಿಂದ ಒಂದು ಮಾತು ಹೊರಡಿಸಲು ಅವನ ಕೈಲಿ ಆಗಲಿಲ್ಲ. ಕೊನೆಗೆ ಕೆಡಿಸಿದ್ದು ನನ್ನ ಅಡುಗೆಮನೆಯ ಪ್ರೀತಿ. ಅಲ್ಲಿ ಒಳ್ಳೆ ರಾಗಿಹಿಟ್ಟು ಸಿಗಲ್ಲ ಅಂದೆಯಲ್ಲ, ಸ್ಟೀಲ್ ಡಬ್ಬದ ತುಂಬ ಹಿಟ್ಟು, ಜೊತೆಗೆ ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿ ನರಸಯ್ಯನ ಕೈಗೆ ಕೊಟ್ಟೆ. “ನಂಗೆ ಮರ್ತೋಯ್ತದೆ ಕಣಮ್ಮ, ಮೇಲೆ ಬರ್ದ್‌ಬುಡಿ” ಅಂದ. ಬರೆದೆ, ಅಳಿಸದ ಮಾರ್ಕರ್‌ನಲ್ಲಿ, ಮುಚ್ಚಳದ ಮೇಲೆ, ನಿನ್ನ ಹೆಸರು, ನೀನು ಪಾಠ ಮಾಡುವ ಶಾಲೆ, ಬೀದಿ, ಊರು. ನೀನಾದರೂ ಆ ಡಬ್ಬವನ್ನು ಅಲ್ಲೇ ಇಟ್ಟುಕೊಳ್ಳಬಾರದಿತ್ತಾ. ಬೇರೆಯವರ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡಬಾರದು ಅಂತ ನಿನಗೆ ಕಲಿಸಿದವಳೂ ನಾನೇ. ಹೇಳಿದ ಮಾತು ಮೀರದ ಸೊಸೆ, ಒಣಗಿದ ಪುನರ್ಪುಳಿ ಸಿಪ್ಪೆ ತುಂಬಿ, ಅದೇ ಮುಚ್ಚಳ ಹಾಕಿ, ಅದೇ ಬಸ್ಸಿಗೆ ಕಳಿಸಿದೆ. ನಾನು ವಿಳಾಸ ಉಜ್ಜಬೇಕು ಅಂದುಕೊಂಡು ಮರೆತೆ. ಹೋದ ಶುಕ್ರವಾರ ಸಾಯಂಕಾಲ ಪ್ರಸಾದ ತಿನ್ನಲು ಏನಾದರೂ ಹುಡುಕುತ್ತಾ ಡಬ್ಬ ತೆಗೆದ. “ಏನಮ್ಮ ಇದು ಹುಳಿ, ನಮ್ ಕಡೇದಲ್ಲ” ಅಂತ ಒಂದು ಸಿಪ್ಪೆ ಚೀಪುತ್ತಾ ಮುಚ್ಚಳ ತಿರುಗಿಸಿದ.

ಅವನು ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಬೆಣ್ಣೆಯಂಥ ಮಾತು ಶುರುಮಾಡಿದ. ಹಿರೇಹಳ್ಳಿಯ ಫ್ಯಾಕ್ಟರಿಗೆ ಫೋನ್ ಮಾಡಿ ರಜೆ ಹೇಳಿದ. “ನೀನು ಸಮುದ್ರಾನೇ ನೋಡಿಲ್ಲ ಕಣಮ್ಮ, ಎರಡ್ ದಿನ ಹೋಗ್‌ಬರಾಣ” ಅಂದ. ಮೊಬೈಲ್ ನೋಡಿಕೊಂಡು, ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಆ ಊರಿನಲ್ಲಿ ಏನೇನು ನೋಡಬೇಕು ಅಂತ ಗಂಟೆ ಸಮೇತ ಬರೆದ. ಲೈಟ್‌ಹೌಸ್, ತೂಗುಸೇತುವೆ, ನದಿ ಸಮುದ್ರ ಸೇರುವ ಅಳಿವೆ, ಬಂಡೆಯ ಮೇಲಿಂದ ಸೂರ್ಯ ಮುಳುಗುವುದು. ಬಂದರಿನ ಮೀನು ಹರಾಜಿನ ಮುಂದೆ ‘ಅಮ್ಮಂಗೆ ಬೇಡ’ ಅಂತ ಬರೆದ, ಅಷ್ಟು ಮುತುವರ್ಜಿ. ಕೊನೆಯದು ಭಾನುವಾರ ನಾಲ್ಕು ಗಂಟೆಗೆ ದೋಣಿ, ಮೂರು ಜನ. ನಾವು ನಾಲ್ಕು ಜನ ಅಲ್ಲವೇನೋ ಅಂದೆ. “ನೀನು ದಡದಲ್ಲಿ ಕೂತಿರು. ನೀರ್ ಮಧ್ಯಕ್ ಕರ್ಕೊಂಡೋಗಿ ಮಾತಾಡ್ತೀನಿ, ಅಲ್ಲಿಂದ ಎಲ್ಲಿಗ್ ಓಡ್ತಾಳೆ” ಅಂದು ನಕ್ಕ.

ಶನಿವಾರ ಬೆಳಗ್ಗೆ ಅವನು ಸ್ನಾನಕ್ಕೆ ಹೋದಾಗ ಬ್ಯಾಗು ಬಿಚ್ಚಿದೆ. ಮೇಲೆ ಭೂಮಿಕಾಗೆ ಹೊಸ ಫ್ರಾಕು, ನಾಲ್ಕು ವರ್ಷದ ಮಗುವಿನ ಅಳತೆಯದು. ಮಗಳಿಗೆ ಆರು ತುಂಬಿದ್ದೇ ಅವನಿಗೆ ತಿಳಿಯದು. ಅದರ ಕೆಳಗೆ ಪೇಪರ್ ಸುತ್ತಿದ ಮಚ್ಚು, ನಮ್ಮ ಹಿತ್ತಲಲ್ಲಿ ಎಳನೀರು ಕೊಚ್ಚುತ್ತಿದ್ದದ್ದೇ. ಹೊಸದಾಗಿ ಸಾಣೆ ಹಿಡಿಸಿದ್ದ, ಮುಟ್ಟಿದ ಬೆರಳು ಕೊಯ್ದುಹೋಯಿತು. ಅದನ್ನು ನೀರಿನ ಸಂಪಿನೊಳಕ್ಕೆ ಎಸೆದು ಮುಚ್ಚುವಷ್ಟರಲ್ಲಿ ಬಂದ. ತುರುಬು ಹಿಡಿದು ಅಡುಗೆಮನೆಗೆ ಎಳೆದ, ಎಡಗೈ ಹಿಂದಕ್ಕೆ ತಿರುಚಿದ, ತಲೆಯನ್ನು ಬಾಗಿಲ ಚೌಕಟ್ಟಿಗೆ ಎರಡು ಸಲ ಜಜ್ಜಿದ. “ನೀನೇ ಓಡ್ಸಿದ್ದು, ನಿಂಗೂ ಅದೇ ಗತಿ” ಅನ್ನುತ್ತಿದ್ದ. ರಕ್ತ ಇಳಿದು ಒಂದು ಕಣ್ಣು ಮುಚ್ಚಿಹೋಯಿತು. ನಿನಗೆ ಹೀಗೆಲ್ಲ ಆಗುತ್ತಿತ್ತು ಅಂತ ನನಗೆ ಆಗ ಗೊತ್ತಾಯಿತು ಅಂತ ಬರೆದರೆ ಅದು ಸುಳ್ಳು. ನನಗೆ ಮೊದಲೇ ಗೊತ್ತಿತ್ತು. ನಿಮ್ಮ ಕೋಣೆಯಿಂದ ಸದ್ದು ಬಂದರೆ ಟಿವಿ ಸೌಂಡು ಜಾಸ್ತಿ ಮಾಡಿಕೊಂಡು ಕೂರುತ್ತಿದ್ದವಳು ನಾನು.

ಕೈಗೆ ಸಿಕ್ಕಿದ್ದು ಮುದ್ದೆ ಕೋಲು. ಮೊದಲನೇ ಏಟು ಅವನ ಬಲಗೈಗೆ ಬಿತ್ತು, ಎರಡನೆಯದು ಮೊಣಕಾಲಿಗೆ. ಚಿಪ್ಪು ಒಡೆದ ಸದ್ದು ಕೇಳಿತು, ಅವನು ಬಿದ್ದ. ಬಿದ್ದ ಮೇಲೂ ಹೊಡೆದೆ ನಂದಿತಾ, ಅದೇ ಮೊಣಕಾಲಿಗೆ, ಮೂರೋ ನಾಲ್ಕೋ. ಅವು ನನ್ನ ಪ್ರಾಣ ಉಳಿಸಿಕೊಳ್ಳಲು ಹೊಡೆದ ಏಟುಗಳಲ್ಲ, ಅವನು ಎದ್ದು ಆ ಊರಿಗೆ ಬರಬಾರದು ಅಂತ ಹೊಡೆದವು. ಅಮ್ಮಾ ಅಮ್ಮಾ ಅನ್ನುತ್ತಿದ್ದ, ಚಿಕ್ಕವನಿದ್ದಾಗ ಜ್ವರ ಬಂದರೆ ಅನ್ನುತ್ತಿದ್ದ ಹಾಗೇ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು. ಕೋಲು ಎರಡು ತುಂಡಾದ ಮೇಲೆ ನಿಲ್ಲಿಸಿದೆ. ಪಕ್ಕದ ಮನೆಯ ಶಶಿರೇಖಾ ಓಡಿಬಂದು ಆಂಬುಲೆನ್ಸ್ ಕರೆಸಿದಳು.

ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಏನಾಯಿತು ಅಂತ ಕೇಳಿದರು. ತಾಯಿಯ ಕೈಲಿ ಏಟು ತಿಂದೆ ಅನ್ನಲು ಅವನಿಗೆ ನಾಚಿಕೆ. “ಬಚ್ಚಲಲ್ಲಿ ಜಾರ್ ಬಿದ್ದೆ” ಅಂದ. ಎರಡು ವರ್ಷದ ಹಿಂದೆ ನಿನ್ನ ಕೈ ಮುರಿದಾಗ, ನೀನು ಬಾಯಿ ತೆರೆಯುವ ಮೊದಲೇ, ಇನ್ನೊಬ್ಬ ಡಾಕ್ಟರ ಮುಂದೆ ನಾನು ನಿನ್ನ ಪರವಾಗಿ ಹೇಳಿದ ಮಾತು ಅದು. ಹೇಳಿ, ಮನೆಗೆ ಬಂದು, ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಏನೂ ಆಗದವಳ ಹಾಗೆ ಪೂಜೆಗೆ ಕೂತಿದ್ದೆ. ಡಾಕ್ಟರು ನನ್ನ ಹಣೆ ನೋಡಿ, ನೀವೂ ಜಾರಿದಿರಾ ಅಂದರು. ನಾನು ಸೆರಗು ಹಣೆಯ ಮೇಲಕ್ಕೆ ಎಳೆದುಕೊಂಡೆ. ಅವನು ಎರಡು ತಿಂಗಳು ಕಾಲು ನೆಲಕ್ಕೆ ಇಡುವ ಹಾಗಿಲ್ಲವಂತೆ.

ಕ್ಯಾಲೆಂಡರ್ ಹಾಳೆಯ ಆ ಪಟ್ಟಿ ನನಗೆ ಬಾಯಿಪಾಠವಾಗಿದೆ. ಬರೆದವನು ಅವನಾದರೂ ಊರೇನು ಅವನದಲ್ಲವಲ್ಲ. ಶಾಲೆ ಬಿಟ್ಟರೆ ಮನೆ, ಬೀದಿ ಕಡೆಯ ಕಿಟಕಿ ಸಹ ತೆಗೆಯಲ್ಲ ಅಂದಿದ್ದೆ ನೀನು. ಸಮುದ್ರದ ಊರಿನಲ್ಲಿದ್ದು ಸಮುದ್ರ ನೋಡದವಳು ನೀನೊಬ್ಬಳೇ ಇರಬೇಕು. ಈ ಭಾನುವಾರ ಭೂಮಿಕಾನ ಕರೆದುಕೊಂಡು ಲೈಟ್‌ಹೌಸ್ ಹತ್ತು. ತೂಗುಸೇತುವೆಯ ಮೇಲೆ ಅವಳು ಕುಣಿದರೆ ಬೈಯಬೇಡ. ಅಳಿವೆಯಲ್ಲಿ ಸೆಳೆತ ಇರುತ್ತದಂತೆ, ನೀರಿಗೆ ಇಳಿಸಬೇಡ. ಬಂಡೆಯ ಮೇಲೆ ಸೂರ್ಯ ಪೂರ್ತಿ ಮುಳುಗುವವರೆಗೆ ಕೂತಿರು, ಹಿಂದೆ ಯಾರೋ ಬಂದರು ಅಂತ ಎದ್ದು ಓಡಬೇಡ. ಮೀನು ಹರಾಜನ್ನೂ ನೋಡು, ನೋಡಿದ ಮಾತ್ರಕ್ಕೆ ಮಠದವರು ಯಾರೂ ನಿನ್ನನ್ನು ಕೇಳಲು ಬರುವುದಿಲ್ಲ. ದೋಣಿ ಮಾತ್ರ ಈಗ ಬೇಡ. ನಾನು ಬಂದ ಮೇಲೆ ಹೋಗೋಣ, ಮೂರು ಜನ.

ಭೂಮಿಕಾಗೆ ಅಜ್ಜಿಯ ಮುತ್ತು. ನಿಮ್ಮಿಬ್ಬರನ್ನೂ ಶಿವ ಕಾಯಲಿ, ಅವನಿಗೆ ಪುರುಸೊತ್ತು ಇಲ್ಲದಿದ್ದರೆ ನಾನು ಕಾಯುತ್ತೇನೆ.

ಇಂತಿ ನಿನ್ನ ಅತ್ತೆ,
ಶಿವರುದ್ರಮ್ಮ

ತಾ.ಕ.: ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬರೆಯುತ್ತಿದ್ದೇನೆ, ನರಸಯ್ಯ ಹಾರ್ನ್ ಹೊಡೆಯುತ್ತಿದ್ದಾನೆ. ಈ ಸಲ ಕವರಿನ ಮೇಲೆ ಏನೂ ಬರೆದಿಲ್ಲ, ಬಾಯಲ್ಲೇ ಹೇಳಿದ್ದೇನೆ. ಮುಖ್ಯವಾದದ್ದೇ ಬರೆಯದೆ ಉಳಿಯಿತು. ನಿನ್ನೆ ಪೊಲೀಸ್ ಠಾಣೆಗೆ ಹೋಗಿ ಎಲ್ಲ ಬರೆದುಕೊಟ್ಟೆ. ಸಂಪಿನಿಂದ ಮಚ್ಚು ತೆಗೆದರು, ಪಟ್ಟಿ ಇಟ್ಟುಕೊಂಡರು, ಈಗ ಅವನ ಮಂಚದ ಪಕ್ಕ ಒಬ್ಬ ಪೊಲೀಸು ಕೂತಿದ್ದಾನೆ. ಬಿದ್ದವನಿಗೆ ಹೊಡೆದದ್ದನ್ನೂ ಬರೆದೆ. ನಿನ್ನ ಕೈ ಮುರಿದದ್ದು ಜಾರಿ ಬಿದ್ದಲ್ಲ, ನಾನು ಸುಳ್ಳು ಹೇಳಿದೆ ಅಂತ ಬರೆದು ಸಹಿ ಹಾಕಿದೆ. ನಿನಗೆ ಫೋನ್ ಮಾಡುತ್ತಾರೆ. ನನ್ನನ್ನು ಉಳಿಸಲು ಹೋಗಬೇಡ, ಎಲ್ಲರನ್ನೂ ಉಳಿಸುವ ಬುದ್ಧಿ ನಿನ್ನದು. ನಿನ್ನ ಕೈ ಮುರಿದ ದಿನ ಮನೆಯಲ್ಲಿ ಇನ್ಯಾರಿದ್ದರು ಅಂತ ಕೇಳಿದರೆ, ಅತ್ತೆ ಇದ್ದರು, ಟಿವಿ ಸೌಂಡು ಜಾಸ್ತಿ ಮಾಡಿದರು ಅಂತ ಹೇಳು.